ಐದು ಜನ, 23 ಮನೆ, ಎಲ್ಲದಕ್ಕೂ ಒಂದೇ ಮಾರ್ಕ್ಸ್: ಮನೆ ಕೊಳ್ಳುವಾಗ ಯಾವುದನ್ನು ಹಿಡಿಯೋದು, ಯಾವುದನ್ನು ಬಿಡೋದು?

ಶ್ರೀನಗರ_41ಮೆಟ್ಟಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಬೆಂಗಳೂರಲ್ಲಿ ಮನೆ ಹುಡುಕುತ್ತಿದ್ದೇನೆ. ಮೊನ್ನೆ ಭಾನುವಾರಕ್ಕೆ 23 ಆಯ್ತು. ಹೆಣ್ಣು ನೋಡೋಕೆ ಹೋದಾಗಲೂ ಇಷ್ಟು ಮನೆ ಹತ್ತಿ ಇಳಿದಿರಲಿಲ್ಲ. ಅಲ್ಲಿ ಕೇಸರಿಬಾತ್ ಆದರೂ ಸಿಗುತ್ತಿತ್ತು. ಇಲ್ಲಿ ಬ್ರೋಕರ್ ಜೊತೆ ಬಿಸಿಲಲ್ಲಿ ನಿಂತಿದ್ದೇ ಬಂತು.

ನಮ್ಮ ಮನೆ ಹೀಗಿದೆ. ನಾನು, ಹೆಂಡತಿ, ಅಮ್ಮ, ಆರನೇ ಕ್ಲಾಸಿನ ಮಗಳು, ಯುಕೆಜಿ ಮಗ. ಶ್ರೀನಗರದಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ, ಬಾಡಿಗೆ 22 ಸಾವಿರ. ಕೆಳಗಿನಿಂದ ನಮ್ಮ ಬಾಗಿಲಿಗೆ 41 ಮೆಟ್ಟಿಲು. ಅಮ್ಮನಿಗೆ 68, ಮಂಡಿ ನೋವು. ನನ್ನ ಆಫೀಸ್ ವೈಟ್‌ಫೀಲ್ಡ್ ಕಡೆ, ಐಟಿಪಿಎಲ್ ಟೆಕ್ ಪಾರ್ಕ್ ಹತ್ತಿರ. ಹೆಂಡತಿ ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಟೀಚರ್. ಕೈಯಲ್ಲಿ 24 ಲಕ್ಷ ಇದೆ. ಸಾಲ ಎಲ್ಲಾ ಸೇರಿ 80 ಲಕ್ಷ ದಾಟಬಾರದು.

ನಾನು ಲೆಕ್ಕದ ಮನುಷ್ಯ. ಎಕ್ಸೆಲ್‌ನಲ್ಲಿ 18 ಅಂಶದ ಪಟ್ಟಿ ಮಾಡಿ ಒಂದೊಂದಕ್ಕೂ ಐದರಲ್ಲಿ ಮಾರ್ಕ್ಸ್ ಹಾಕಿದೆ. ಮೆಟ್ರೋ, ವಾಸ್ತು, ನೀರು, ಕಾರ್ ಪಾರ್ಕಿಂಗ್, ಗಾಳಿ ಬೆಳಕು, ದೇವರ ಮನೆ, ಕ್ಲಬ್ ಹೌಸ್, ಶಾಲೆ, ಆಸ್ಪತ್ರೆ, ಮುಂದೆ ರೇಟ್ ಏರುತ್ತಾ ಇಲ್ವಾ, ಎಲ್ಲಾ ಇದೆ. ಕೊನೆಗೆ ಮೂರು ಮನೆ ಉಳಿದವು.

ಒಂದು, ಕೆಂಗೇರಿ ಮೆಟ್ರೋ ಹತ್ತಿರ ಕಟ್ಟುತ್ತಿರುವ ಅಪಾರ್ಟ್‌ಮೆಂಟ್. ಏಳನೇ ಮಹಡಿ, ಎರಡು ಬೆಡ್‌ರೂಮ್, 1,140 ಚದರಡಿ ಅನ್ನುತ್ತಾರೆ. 76 ಲಕ್ಷ. ಕೀ ಕೈಗೆ ಬರೋಕೆ ಇನ್ನೂ 18 ತಿಂಗಳು. ಆಫೀಸಿಗೆ ಒಂದೇ ರೈಲು, ಇಳಿದು ಹತ್ತೋ ತಾಪತ್ರಯ ಇಲ್ಲ.

ಎರಡು, ಉಳ್ಳಾಲ ರಸ್ತೆ ಒಳಗೆ 20x30 ಸೈಟಿನಲ್ಲಿ ಸ್ವಂತ ಮನೆ. ಕೆಳಗೆ ಹಾಲ್, ಅಡುಗೆ ಮನೆ. ಮೇಲೆ ಎರಡು ರೂಮ್. ಪೂರ್ವದ ಬಾಗಿಲು. ಅಮ್ಮನಿಗೆ ಅದರ ಮೇಲೇ ಕಣ್ಣು. ಬಿ ಖಾತಾ, ಅಂದರೆ ಪಾಲಿಕೆಯ ದಾಖಲೆಯಲ್ಲಿ ನಿಯಮ ಪೂರ್ತಿ ಪಾಲಿಸದ ಆಸ್ತಿ ಅಂತ ಇರೋದು. 82 ಕೇಳುತ್ತಿದ್ದಾರೆ, 78ಕ್ಕೆ ಬರಬಹುದು.

ಮೂರು, ಬನಶಂಕರಿ 3ನೇ ಹಂತದಲ್ಲಿ 17 ವರ್ಷ ಹಳೆಯ ಫ್ಲಾಟ್. ಒಟ್ಟು 12 ಮನೆ, ಲಿಫ್ಟ್ ಇದೆ. ಎರಡು ಬೆಡ್‌ರೂಮ್ ಜೊತೆಗೆ ಒಂದು ಚಿಕ್ಕ ರೂಮ್. 70 ಲಕ್ಷ. ಬಾಗಿಲು ದಕ್ಷಿಣಕ್ಕೆ. ಅಡುಗೆ ಮನೆ ನೋಡಿದರೆ ನಮ್ಮ ಅಜ್ಜಿ ಕಾಲದ್ದು ಅನಿಸುತ್ತೆ, ಕಡಪ ಕಲ್ಲಿನ ಕಟ್ಟೆ.

90ಕ್ಕೆ ಬಂದ ಮಾರ್ಕ್ಸ್: 63, 61, 62. ಈಗ ಹೇಳಿ, ನಾನೇನು ಮಾಡಲಿ? ನೀವೆಲ್ಲಾ ಕೊಳ್ಳುವಾಗ ಯಾವುದನ್ನು ಮೊದಲು ಇಟ್ಟುಕೊಂಡಿರಿ?

ಸುಮ್ನೆ ಓದೋನು:

ಬಾಡಿಗೆಲೇ ಇರಿ ಸರ್. 22 ಸಾವಿರ ಬಾಡಿಗೆ ಎಲ್ಲಿ, 47 ಸಾವಿರ ಕಂತು ಎಲ್ಲಿ. ಉಳಿದ 25ನ್ನು ತಿಂಗಳು ತಿಂಗಳು ಎಸ್‌ಐಪಿಗೆ ಹಾಕಿ.

ಶ್ರೀನಗರ_41ಮೆಟ್ಟಿಲು:

ಈ ಲೆಕ್ಕ ನಾನೂ ಮಾಡಿದ್ದೆ. ನಾಲ್ಕು ವರ್ಷದಲ್ಲಿ ಇದು ಮೂರನೇ ಬಾಡಿಗೆ ಮನೆ. ಒಂದು ಸಲ ಓನರ್ ಮಗಳ ಮದುವೆ ಅಂತ, ಇನ್ನೊಂದು ಸಲ ಮನೆ ಒಡೆದು ಕಟ್ಟುತ್ತೇವೆ ಅಂತ ಬಿಡಿಸಿದರು. ಪ್ರತಿ ಸಲ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗ್ ಅಂತ ಮುರಿದುಕೊಂಡರು. ಅಮ್ಮ ಈಗ ತುಳಸಿ ಗಿಡವನ್ನು ನೆಲಕ್ಕೆ ಹಾಕೋದೇ ಇಲ್ಲ, ಬಕೆಟ್‌ನಲ್ಲೇ ಇಟ್ಟಿದ್ದಾರೆ. ಎತ್ತಿಕೊಂಡು ಹೋಗೋಕೆ ಸುಲಭ ಅಂತ. ಬಾಡಿಗೆ ವಿಷಯ ಇಲ್ಲಿಗೆ ಬಿಡೋಣ.

ನಿವೃತ್ತ ಸಾಲದ ಆಫೀಸರ್:

ನೋಡಪ್ಪ, ನಾನು ಬ್ಯಾಂಕಿನಲ್ಲಿ 31 ವರ್ಷ ಇದ್ದವನು, ಅದರಲ್ಲಿ 11 ವರ್ಷ ಬರೀ ಮನೆ ಸಾಲದ ಫೈಲು ನೋಡಿದವನು. ನಿಮ್ಮ ಪಟ್ಟಿಯಲ್ಲಿ ಒಂದು ದೊಡ್ಡ ತಪ್ಪಿದೆ. ಕಾಗದ ಪತ್ರಕ್ಕೂ ಮಾರ್ಕ್ಸ್ ಹಾಕಿದ್ದೀರಿ ಅಂತ ಕಾಣುತ್ತೆ. ಕಾಗದಕ್ಕೆ ಮಾರ್ಕ್ಸ್ ಇಲ್ಲ. ಅದು ಹಾಲ್ ಟಿಕೆಟ್. ಇದ್ದರೆ ಪರೀಕ್ಷೆಗೆ ಕೂರಿಸಿ, ಇಲ್ಲದಿದ್ದರೆ ಬಾಗಿಲಿನಿಂದಲೇ ಕಳಿಸಿ.

ಬಿ ಖಾತಾ ಮನೆಗೆ ನಮ್ಮ ಬ್ಯಾಂಕ್ ಸಾಲ ಕೊಡುತ್ತಿರಲಿಲ್ಲ. ಕೊಡುವವರು ಇದ್ದಾರೆ, ಬಡ್ಡಿ ಜಾಸ್ತಿ. ಸರ್ಕಾರ 2025ರ ನವೆಂಬರಿನಲ್ಲಿ ಬಿ ಖಾತಾವನ್ನು ಎ ಮಾಡಿಕೊಡೋ ಅಭಿಯಾನ ಶುರು ಮಾಡಿತು, ನಿಜ. ಹಾಗಾದರೆ ಮಾರುವವರೇ ಮಾಡಿಸಿಕೊಂಡು ಬರಲಿ, ಆಮೇಲೆ ಮಾತಾಡೋಣ. "ಮುಂದೆ ಎ ಆಗುತ್ತೆ ಸಾರ್" ಅನ್ನೋ ಮಾತಿಗೆ ಇವತ್ತು ದುಡ್ಡು ಕೊಡಬೇಡಿ.

ಎರಡನೇದು, ನಿಮ್ಮ 80 ಲಕ್ಷ ಅಂದರೆ 80 ಲಕ್ಷದ ಮನೆ ಅಲ್ಲ. 70 ಲಕ್ಷದ ಫ್ಲಾಟನ್ನೇ ತಗೊಳ್ಳಿ. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅಂದರೆ ಮೂರೂವರೆ ಲಕ್ಷ. ಆ ಡ್ಯೂಟಿಯ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 12 ಪರ್ಸೆಂಟ್, 42 ಸಾವಿರ. ನೋಂದಣಿ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು. 2025ರ ಆಗಸ್ಟ್ 31ರಿಂದ 2 ಆಗಿದೆ, ಅಂದರೆ 1 ಲಕ್ಷದ 40 ಸಾವಿರ. ಒಟ್ಟು 5 ಲಕ್ಷದ 32 ಸಾವಿರ ಬರೀ ರಿಜಿಸ್ಟರ್ ಮಾಡಿಸೋಕೆ. ಇದಕ್ಕೆ ಬ್ಯಾಂಕ್ ಸಾಲ ಸಿಗಲ್ಲ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಕೊಡುವುದು ಬೆಲೆಯ 80 ಪರ್ಸೆಂಟ್ ಮಾತ್ರ. ಅಂದರೆ 56 ಲಕ್ಷ. ಉಳಿದ 14 ನಿಮ್ಮದು. 14ಕ್ಕೆ 5.32 ಸೇರಿಸಿ, 19.32 ಲಕ್ಷ. ನಿಮ್ಮ 24ರಲ್ಲಿ ಉಳಿಯೋದು 4 ಲಕ್ಷ 68 ಸಾವಿರ. ಆ ಕಡಪ ಕಲ್ಲು ತೆಗೆಸೋಕೆ, ಬಣ್ಣ ಹೊಡೆಸೋಕೆ, ಗೃಹಪ್ರವೇಶದ ಊಟಕ್ಕೆ ಎಲ್ಲಾ ಅದರಲ್ಲೇ ಆಗಬೇಕು.

ಈಗ ಕೆಂಗೇರಿದು ನೋಡಿ. 76 ಲಕ್ಷದ ಮೇಲೆ ಜಿಎಸ್‌ಟಿ 5 ಪರ್ಸೆಂಟ್, ಅಂದರೆ 3 ಲಕ್ಷದ 80 ಸಾವಿರ. ಕಟ್ಟಿ ಮುಗಿದು ಒಸಿ (ವಾಸಕ್ಕೆ ಯೋಗ್ಯ ಅನ್ನೋ ಪತ್ರ) ಸಿಕ್ಕಿದ ಮನೆಗೆ ಈ ಜಿಎಸ್‌ಟಿ ಇಲ್ಲ. ಅಲ್ಲಿಗೇ ನಿಮ್ಮ 80 ಮುಗಿಯಿತು, ರಿಜಿಸ್ಟ್ರೇಷನ್ ಇನ್ನೂ ಬಾಕಿ.

ಕಂತು 8 ಪರ್ಸೆಂಟ್ ಬಡ್ಡಿಗೆ, 20 ವರ್ಷಕ್ಕೆ, ಲಕ್ಷಕ್ಕೆ 836 ರೂಪಾಯಿ. 56 ಲಕ್ಷಕ್ಕೆ 46,800 ಹತ್ತಿರ. ಇಬ್ಬರ ಸಂಬಳದಲ್ಲಿ ಒಬ್ಬರದು ಆರು ತಿಂಗಳು ನಿಂತರೂ ಇದನ್ನು ಕಟ್ಟಬಹುದಾ? ಮೊದಲು ಅದನ್ನು ನೋಡಿ.

ಇನ್ನೊಂದು. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡೋ ದುಡ್ಡಿನಲ್ಲೇ 1 ಪರ್ಸೆಂಟ್ ಟಿಡಿಎಸ್, ಅಂದರೆ ಆದಾಯ ತೆರಿಗೆ, ಹಿಡಿದು ನೀವೇ ಕಟ್ಟಬೇಕು. ತುಂಬಾ ಜನ ಮರೆತು ಆಮೇಲೆ ನೋಟಿಸ್ ಬಂದಾಗ ಓಡಿ ಬರುತ್ತಾರೆ. ಮಾರುವವರು ಎನ್‌ಆರ್‌ಐ ಆದರೆ ಆ ಲೆಕ್ಕವೇ ಬೇರೆ, ಆಡಿಟರ್ ಹತ್ತಿರ ಕೇಳಿ.

ಹೊರಮಾವು ಹುಡುಗ:

ಸರ್, ನಾನು ಮಾಡಿದ ತಪ್ಪು ಹೇಳುತ್ತೇನೆ.

2019ರ ಮಾರ್ಚ್‌ನಲ್ಲಿ ಡ್ಯೂಪ್ಲೆಕ್ಸ್ ಮನೆ ತಗೊಂಡೆ. ಆರು ಸಲ ಹೋಗಿ ನೋಡಿದ್ದೆ. ಆರು ಸಲವೂ ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ, ಒಳ್ಳೆ ಬಿಸಿಲಲ್ಲಿ. ನನ್ನ ಪಟ್ಟಿಯಲ್ಲಿ ಮೊದಲನೇದು ಕಾರ್ ಪಾರ್ಕಿಂಗ್, ಎರಡನೇದು ಟೆರೇಸ್. ರಸ್ತೆಯಲ್ಲಿ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಅಕ್ಕಪಕ್ಕದ ಮೂರು ಮನೆಯ ಗೇಟಿನ ಹತ್ತಿರ, ಎರಡೂ ಕಂಬದಲ್ಲಿ, ನೆಲದಿಂದ ಮಂಡಿ ಎತ್ತರದವರೆಗೆ ಕಬ್ಬಿಣದ ಚಾನೆಲ್ ಕೂರಿಸಿದ್ದರು. ಅಂಗಡಿಗೆ ಶಟರ್ ಇಳಿಸೋಕೆ ಇರುತ್ತಲ್ಲ, ಹಾಗೆ. ಬ್ರೋಕರ್‌ಗೆ ಕೇಳಿದೆ. "ನಾಯಿ ಬರದೇ ಇರಲಿ ಅಂತ ಹಲಗೆ ಹಾಕ್ತಾರೆ ಸಾರ್" ಅಂದ. ನಾನು ನಂಬಿದೆ. ಎಂಜಿನಿಯರಿಂಗ್ ಓದಿದವನು ಬೇರೆ.

2022ರ ಮಳೆಯಲ್ಲಿ ಗೊತ್ತಾಯಿತು ಅದು ಯಾವ ನಾಯಿ ಅಂತ. ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯವರು ಹಲಗೆ ಇಳಿಸಿ, ಮಧ್ಯೆ ಗೋಣಿಚೀಲ ತುರುಕುತ್ತಿದ್ದರು. ನಾನು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ಗೇಟಿಗೆ ಚಾನೆಲ್ ಇರಲಿಲ್ಲ. ಹಾಲ್‌ನಲ್ಲಿ ಮೊಣಕಾಲುದ್ದ ನೀರು. ಫ್ರಿಜ್ ಮಲಗಿತ್ತು. ನಾನು ಅಷ್ಟು ಆಸೆಪಟ್ಟ ಪಾರ್ಕಿಂಗ್‌ನಲ್ಲಿ ಕಾರಿನ ಸೀಟಿನವರೆಗೂ ಕೆಸರು. ಸೋಫಾ ಕೆಳಗಿನಿಂದ ಒಂದು ಕಪ್ಪೆ ಮೂರು ದಿನ ಆದಮೇಲೆ ಹೊರಗೆ ಬಂತು.

ಆಮೇಲೆ ಹುಡುಕಿದಾಗ ಮನೆಯಿಂದ ಸ್ವಲ್ಪ ದೂರದಲ್ಲೇ ರಾಜಕಾಲುವೆ, ಅಂದರೆ ಮಳೆನೀರು ಹರಿಯೋ ದೊಡ್ಡ ಕಾಲುವೆ ಇದೆ. ಮೇಲೆ ಸ್ಲ್ಯಾಬ್ ಹಾಕಿ ರಸ್ತೆ ಮಾಡಿದ್ದಾರೆ, ಅದಕ್ಕೇ ಕಾಣಲ್ಲ. ದಿಶಾಂಕ್ ಆ್ಯಪ್ ಇದೆ, ಸರ್ಕಾರದ್ದು. ಸೈಟಿನ ಮೇಲೆ ನಿಂತು ತೆಗೆದರೆ ಸರ್ವೆ ನಂಬರ್ ತೋರಿಸುತ್ತೆ. ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ ಎಲ್ಲಿತ್ತು, ಕಾಲುವೆ ಎಲ್ಲಿ ಹರಿಯುತ್ತಿತ್ತು ಎಲ್ಲಾ ಇದೆ. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ನೋಡಿ. ಅರ್ಧ ಗಂಟೆ ಕೆಲಸ. ನಾನು ಟೈಲ್ಸ್ ಆರಿಸೋಕೆ ನಾಲ್ಕು ವಾರ ತಗೊಂಡಿದ್ದೆ.

ಮಳೆಗಾಲದಲ್ಲಿ ಮನೆ ತುಂಬಾ ನೀರು. 2024ರ ಮಾರ್ಚ್‌ನಲ್ಲಿ ಅದೇ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಬೋರ್ ಒಣಗಿತ್ತು. 12 ಸಾವಿರ ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ರೇಟ್ ಕಟ್ಟಿತು. ಆ ರೇಟಿಗೆ ಫೋನ್ ಎತ್ತುವವರೇ ಇರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ನಮ್ಮ ಕಡೆಯೂ ಪೈಪಿನಲ್ಲಿ ನೀರು ಬರುತ್ತಿದೆ, ಈಗ ಪರವಾಗಿಲ್ಲ. ಆದರೂ ನೀವು ನೋಡುವ ಮೂರೂ ಕಡೆ "ನೀರಿದೆಯಾ" ಅಂತ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. "ಹೋದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ" ಅಂತ ಕೇಳಿ. ಅದನ್ನೂ ಓನರ್‌ಗೆ ಕೇಳಬೇಡಿ, ವಾಚ್‌ಮನ್‌ಗೆ ಕೇಳಿ. ಇಲ್ಲಾಂದರೆ ಇಸ್ತ್ರಿ ಅಂಗಡಿಯವನಿಗೆ. ಇಸ್ತ್ರಿಯವನಿಗೆ ಗೊತ್ತಿಲ್ಲದ್ದು ಬೀದಿಯಲ್ಲಿ ಏನೂ ಇರಲ್ಲ.

ಗಿರಿನಗರದ ಅಕ್ಕ:

ತಮ್ಮಾ, ನಿಮ್ಮ ಎಕ್ಸೆಲ್ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಮಾರ್ಕ್ಸ್ ಕೂಡಿಸಿದರೆ ಏನಾಗುತ್ತೆ ಗೊತ್ತಾ? ಕ್ಲಬ್ ಹೌಸ್‌ಗೆ ಸಿಕ್ಕ ನಾಲ್ಕು ಮಾರ್ಕ್ಸ್, ಬಚ್ಚಲಲ್ಲಿ ಕಮ್ಮಿಯಾದ ನಾಲ್ಕನ್ನು ತುಂಬಿಬಿಡುತ್ತೆ. ಬೆಳಗ್ಗೆ ಏಳಕ್ಕೆ ಕ್ಲಬ್ ಹೌಸಿಗೆ ಹೋಗಿ ಸ್ನಾನ ಮಾಡ್ತೀರಾ?

ಈ ಪಟ್ಟಿ ನೀವೊಬ್ಬರೇ ಬರೆದಿದ್ದು ಅಂತ ನನ್ನ ಊಹೆ. ಹೌದಲ್ವಾ? ದಿನಕ್ಕೆ ಹನ್ನೆರಡು ಗಂಟೆ ಮನೆಯ ಹೊರಗೆ ಇರೋರು ಬರೆದ ಪಟ್ಟಿ ಅದು. ಅಮ್ಮ ಇಡೀ ದಿನ ಒಳಗಿರುತ್ತಾರೆ. ಅವರನ್ನು ಕೇಳಿದರೆ "ಪೂರ್ವದ ಬಾಗಿಲು" ಅನ್ನುತ್ತಾರೆ. ಯಾಕೆಂದರೆ ನೀವು ಕೇಳಿದ ಪ್ರಶ್ನೆಗೆ ಅವರಿಗೆ ಗೊತ್ತಿರೋ ಉತ್ತರ ಅದು. "ಅಮ್ಮಾ, ಮಧ್ಯಾಹ್ನ ಮೂರಕ್ಕೆ ಏನು ಮಾಡ್ತೀರಿ" ಅಂತ ಯಾವತ್ತಾದರೂ ಕೇಳಿದ್ದೀರಾ?

ನಾವು ಒಂಬತ್ತು ವರ್ಷದ ಕೆಳಗೆ ಮನೆ ತಗೊಂಡಾಗ ನನ್ನ ಅತ್ತೆ ಒಂದು ಉಪಾಯ ಹೇಳಿದ್ದರು. ಹೊಸ ಮನೆಯಲ್ಲಿ ಏನು ಬೇಕು ಅಂತ ಬರೆಯಬೇಡಿ. ಈಗ ಇರೋ ಮನೆಯಲ್ಲಿ ಯಾವುದಕ್ಕೆ ಜಗಳ ಆಗುತ್ತೆ, ಅದನ್ನು ಬರೀರಿ. ಕ್ಯಾಲೆಂಡರ್ ಮೇಲೆ, ಆಯಾ ದಿನದ ಚೌಕದಲ್ಲಿ, ಒಂದೊಂದೇ ಪದ. ಹಾಲಿನ ಲೆಕ್ಕ ಬರೀತೀವಲ್ಲ, ಹಾಗೆ. ಹತ್ತು ದಿನ ಸಾಕು. ನಮ್ಮಲ್ಲಿ ಹತ್ತರಲ್ಲಿ ಆರು ಸಲ "ಬಟ್ಟೆ" ಅಂತ ಬಂತು. ಒಣಹಾಕೋಕೆ ಜಾಗ ಇರಲಿಲ್ಲ. ಮಳೆ ಬಂದರೆ ಹಾಲ್ ತುಂಬಾ ಒದ್ದೆ ಪ್ಯಾಂಟು, ಬಂದವರಿಗೆ ಕೂರೋಕೆ ಜಾಗ ಇಲ್ಲ. ಆಮೇಲೆ ನಾನು ಯಾವ ಮನೆಗೆ ಹೋದರೂ ಮೊದಲು ಹಿಂದಿನ ಯುಟಿಲಿಟಿಗೆ ಹೋಗಿ ಕೈ ಚಾಚುತ್ತಿದ್ದೆ. ಎರಡು ಕೈ ಅಗಲ ಇಲ್ಲ ಅಂದರೆ ಹಾಲ್ ಕೂಡ ನೋಡದೆ ವಾಪಸ್. ಬ್ರೋಕರ್ ನನಗೆ ಹುಚ್ಚು ಅಂದುಕೊಂಡಿರಬೇಕು.

ಇನ್ನೊಂದು, ಅಮ್ಮನನ್ನು ಕರ್ಕೊಂಡು ಹೋದಾಗ ಮನೆ ತೋರಿಸಿ ಐದು ನಿಮಿಷಕ್ಕೆ ವಾಪಸ್ ಕರ್ಕೊಂಡು ಬರಬೇಡಿ. ಒಂದು ಪ್ಲಾಸ್ಟಿಕ್ ಸ್ಟೂಲ್ ತಗೊಂಡು ಹೋಗಿ. ಹಾಲ್‌ನಲ್ಲಿ ಅರ್ಧ ಗಂಟೆ ಕೂರಿಸಿ. ನೀವು ಹೊರಗೆ ಟೀ ಕುಡಿದು ಬನ್ನಿ.

ಸುಮ್ನೆ ಓದೋನು:

ಜಗಳದ ಕ್ಯಾಲೆಂಡರ್ ಮನೇಲಿ ನೇತುಹಾಕಿದರೆ ಅದಕ್ಕೇ ಇನ್ನೊಂದು ಜಗಳ ಆಗುತ್ತೆ ಅಕ್ಕಾ.

ಗಿರಿನಗರದ ಅಕ್ಕ:

ಆಗಲಿ ಬಿಡಿ, ಅದನ್ನೂ ಬರೀರಿ.

ಶ್ರೀನಗರ_41ಮೆಟ್ಟಿಲು (ಎರಡು ವಾರದ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಬರೆಯೋಕೆ ತಡ ಆಯ್ತು. ಅಕ್ಕ ಹೇಳಿದ ಹಾಗೆ ಹತ್ತು ದಿನ ಬರೆದೆವು. ಅಡುಗೆ ಮನೆಯ ಬಾಗಿಲಿಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರ್ ಮೇಲೆ, ಮಗಳ ಕೈಬರಹದಲ್ಲಿ. ಅವಳು ತುಂಬಾ ಖುಷಿಯಿಂದ ಬರೆದಳು. ಕೆಲವು ಸಲ ಜಗಳ ಮುಗಿಯೋಕೆ ಮುಂಚೆಯೇ ಪೆನ್ನು ಹಿಡಿದು ನಿಂತಿರುತ್ತಿದ್ದಳು.

ಬಚ್ಚಲು, ಐದು ಸಲ. ಐದು ಜನಕ್ಕೆ ಇರೋದು ಒಂದೇ. 6:40ರಿಂದ 7:20ರವರೆಗೆ ಬಾಗಿಲು ಬಡಿಯೋದೇ ಕೆಲಸ. ಮಗಳು ಎರಡು ದಿನ ವ್ಯಾನ್ ಮಿಸ್ ಮಾಡಿದಳು. ಮೆಟ್ಟಿಲು, ಎರಡು ಸಲ. ಏಕಾದಶಿ ದಿನ ಅಮ್ಮ ದೇವಸ್ಥಾನಕ್ಕೆ ಬರಲ್ಲ ಅಂದರು. ನಾನು ಕೈ ಹಿಡ್ಕೊತೀನಿ ಅಂದರೂ ಬರಲಿಲ್ಲ. "ಇಳಿಯೋದು ಹೇಗೋ ಇಳೀತೀನಿ, ಹತ್ತುವಾಗ ಎಲ್ಲರೂ ನನ್ನ ಹಿಂದೆ ಕಾಯ್ತಾ ನಿಲ್ತೀರಲ್ಲ, ಅದು ನನಗೆ ಬೇಡ" ಅಂದರು. ನೀರಿನ ಮೋಟರ್, ಒಂದು ಸಲ. ಮಗಳಿಗೆ ಓದೋಕೆ ಜಾಗ ಇಲ್ಲ, ಎರಡು ಸಲ. ನಾನು ರಾತ್ರಿ ಫೋನ್‌ನಲ್ಲಿ ಮನೆ ನೋಡ್ತಾ ಕೂರ್ತೀನಿ ಅಂತ ಹೆಂಡತಿ, ಮೂರು ಸಲ.

ಪೂರ್ವದ ಬಾಗಿಲು, ಸೊನ್ನೆ. ದೇವರ ಮನೆ, ಸೊನ್ನೆ. ಕ್ಲಬ್ ಹೌಸ್, ಮುಂದೆ ಬರೋ ರೇಟು, ಸೊನ್ನೆ. ನನ್ನ ಆಫೀಸ್ ದೂರ, ಅದೂ ಸೊನ್ನೆ. ನನ್ನ ಮನಸ್ಸಿನಲ್ಲಿ ಅದೇ ಮೊದಲನೇದಾಗಿತ್ತು. ಹೆಂಡತಿ ಒಂದೇ ಮಾತು ಹೇಳಿದಳು: "ಎಲೆಕ್ಟ್ರಾನಿಕ್ ಸಿಟಿ, ಮಾನ್ಯತಾ, ಬೆಳ್ಳಂದೂರು, ಈಗ ಐಟಿಪಿಎಲ್. ಆಫೀಸ್ ಹತ್ತಿರ ಅಂತ ತಗೊಂಡಿದ್ದರೆ ಇಷ್ಟೊತ್ತಿಗೆ ನಾಲ್ಕು ಮನೆ ಆಗ್ತಿತ್ತು."

ಉಳ್ಳಾಲದ ಮನೆ ಅವತ್ತೇ ಬಿಟ್ಟೆವು. ಬಿ ಖಾತಾ ಒಂದು ಕಡೆ. ಇನ್ನೊಂದು ಕಡೆ, ಮಲಗೋ ರೂಮ್ ಎರಡೂ ಮೇಲೆ. 41 ಮೆಟ್ಟಿಲು ತಪ್ಪಿಸಿ ಮನೆ ಒಳಗೇ 17 ಮೆಟ್ಟಿಲು ಕೊಂಡ ಹಾಗೆ. ಕೆಂಗೇರಿ ಫ್ಲಾಟ್ ಬಿಡೋಕೆ ನನಗೆ ಸಂಕಟ ಆಯ್ತು. ಎರಡು ಬಚ್ಚಲು ಅಲ್ಲೂ ಇದೆ. ಆದರೆ ಸಾಲದ ಆಫೀಸರ್ ಸಾಹೇಬರ ಲೆಕ್ಕ ಹಾಕಿದ ಮೇಲೆ ದುಡ್ಡೂ ಮೀರಿತು, ಜೊತೆಗೆ ಇನ್ನೂ 18 ತಿಂಗಳು ಇದೇ ಬಚ್ಚಲು, ಇದೇ ಬಾಡಿಗೆ, ಅದರ ಮೇಲೆ ಬಡ್ಡಿ. ಅಲ್ಲಿಯ ಸೇಲ್ಸ್ ಹುಡುಗ ತುಂಬಾ ಒಳ್ಳೆಯವನು. 1,140ರಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆ ಒಳಗೆ ನಿಜವಾಗಿ ಬಳಸೋ ಜಾಗ, ಎಷ್ಟು ಅಂತ ಮೂರು ಸಲ ಕೇಳಿದ ಮೇಲೆ 765 ಅಂದ. ಮಗಳಿಗೆ ಟೇಬಲ್ ಹಾಕೋಕೆ ಅಲ್ಲೂ ಜಾಗ ಇರಲಿಲ್ಲ.

ಬನಶಂಕರಿದಕ್ಕೆ ಅಮ್ಮನನ್ನು ಕರ್ಕೊಂಡು ಹೋದೆ, ಸ್ಟೂಲ್ ಸಮೇತ. ಲಿಫ್ಟ್‌ನಿಂದ ಇಳಿದ ತಕ್ಷಣ ಅಮ್ಮ ಬಾಗಿಲು ನೋಡಿ, "ಯಮನ ದಿಕ್ಕು" ಅಂತ ಮುಖ ತಿರುಗಿಸಿದರು. ಒಳಗೆ ಕೂರಿಸಿ ನಾವು ಕೆಳಗೆ ಟೀ ಕುಡಿಯೋಕೆ ಹೋದೆವು. ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದರೆ ಸ್ಟೂಲ್ ಖಾಲಿ. ಅಮ್ಮ ಎದುರು ಮನೆಯಲ್ಲಿ, ಬಾಗಿಲ ಹತ್ತಿರ ಕುರ್ಚಿ ಮೇಲೆ ಕೂತಿದ್ದಾರೆ. ಮಡಿಲಲ್ಲಿ ಒಂದು ಸ್ಟೀಲ್ ಬಟ್ಟಲು. ಆ ಮನೆಯ ಅಜ್ಜಿ ರಾತ್ರಿ ನೆನೆಹಾಕಿದ ಅವರೆಕಾಳು ಹಿಚುಕುತ್ತಿದ್ದರಂತೆ, ಅಮ್ಮನೂ ಶುರು ಮಾಡಿದ್ದಾರೆ. ಹೆಬ್ಬೆರಳು, ತೋರುಬೆರಳು ಮಧ್ಯೆ ಒತ್ತಿದರೆ ಬೇಳೆ ಟಪ್ ಅಂತ ಬಟ್ಟಲಿಗೆ, ಸಿಪ್ಪೆ ಕೆಳಗಿನ ಪೇಪರ್ ಮೇಲೆ. ಇಬ್ಬರ ಕೈಯೂ ಒಂದೇ ಲಯದಲ್ಲಿ ಹೋಗುತ್ತಿತ್ತು. ಅಷ್ಟರಲ್ಲಿ ನಾಗಮಂಗಲದ ಕಡೆ ಇಬ್ಬರಿಗೂ ಗೊತ್ತಿರೋ ಒಂದು ಮನೆತನ ಸಿಕ್ಕಿ, ಅವರ ಜಮೀನು ಭಾಗ ಆದ ಕಥೆಯವರೆಗೆ ಬಂದಿತ್ತು. ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ಬಂತು ಅನ್ನೋದನ್ನೂ ಅಮ್ಮನೇ ವಿಚಾರಿಸಿ ಇಟ್ಟಿದ್ದರು. ಕಾವೇರಿ ನೀರು ದಿನ ಬಿಟ್ಟು ದಿನ, ಹೋದ ಬೇಸಿಗೆಯಲ್ಲಿ ನಾಲ್ಕು ಟ್ಯಾಂಕರ್. ಇಸ್ತ್ರಿಯವನೂ ನಾಲ್ಕೇ ಅಂದ.

ಆಟೋದಲ್ಲಿ ಬರುವಾಗ ಅಮ್ಮ ಬಾಗಿಲಿನ ವಿಷಯ ಎತ್ತಲೇ ಇಲ್ಲ. ಕತ್ರಿಗುಪ್ಪೆ ಸಿಗ್ನಲ್ ಹತ್ತಿರ, "ಒಂದು ಪಂಚಮುಖಿ ಆಂಜನೇಯನ ಫೋಟೋ ಹಾಕಿದರೆ ಆಯ್ತು" ಅಂದರು. ಅಷ್ಟೇ.

ನನಗೆ ಸ್ವಲ್ಪ ಕಷ್ಟ ಇದೆ. ಬೈಕಲ್ಲಿ ದೀಪಾಂಜಲಿನಗರ ಸ್ಟೇಷನ್‌ಗೆ ಹೋಗಿ ಅಲ್ಲಿಂದ ರೈಲು. ದಿನಾ ಸ್ಟೇಷನ್ ಹತ್ತಿರ ಬೈಕ್ ನಿಲ್ಲಿಸೋ ಜಾಗಕ್ಕೆ ಪರದಾಟ. ಇರಲಿ, ರೈಲಲ್ಲಿ ಕೂರೋಕೆ ಸೀಟ್ ಸಿಕ್ಕರೆ ನಿದ್ದೆ ಮಾಡಬಹುದು.

70 ಕೇಳಿದ್ದರು, ನಾವು 66 ಅಂದೆವು, 68ರ ಹತ್ತಿರ ನಿಂತಿದೆ. ಈಗ ಧನುರ್ಮಾಸ, ಅಮ್ಮ ಸಂಕ್ರಾಂತಿ ಆಗೋವರೆಗೂ ಅಡ್ವಾನ್ಸ್ ಕೊಡೋಕೆ ಬಿಡಲ್ಲ. ಸಾಹೇಬರೇ, ಅಷ್ಟರಲ್ಲಿ ನಾನು ಯಾವ ಕಾಗದ ನೋಡಿಸಲಿ?

ನಿವೃತ್ತ ಸಾಲದ ಆಫೀಸರ್:

ಧನುರ್ಮಾಸಕ್ಕೆ ಥ್ಯಾಂಕ್ಸ್ ಹೇಳಿ, ನಿಮಗೆ ಒಂದು ತಿಂಗಳು ಸಿಕ್ಕಿತು. ಹಳೆ ಫ್ಲಾಟ್ ಆದ್ದರಿಂದ ಮೊದಲು ಮಂಜೂರಾದ ಪ್ಲ್ಯಾನ್ ಮತ್ತು ಒಸಿ. ಪ್ಲ್ಯಾನ್‌ನಲ್ಲಿ ಎಷ್ಟು ಮಹಡಿ, ಕಟ್ಟಿರೋದು ಎಷ್ಟು, ನೀವೇ ರಸ್ತೆಯಲ್ಲಿ ನಿಂತು ಎಣಿಸಿ. ಮೇಲೊಂದು ಮಹಡಿ ಜಾಸ್ತಿ ಇದ್ದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಮೂಲ ಪತ್ರದಿಂದ ಇವತ್ತಿನವರೆಗಿನ ಕ್ರಯಪತ್ರಗಳು, ಒಂದೂ ಕೊಂಡಿ ತಪ್ಪಬಾರದು. ಇ-ಖಾತಾ ಮಾರುವವರ ಹೆಸರಲ್ಲೇ ಇರಬೇಕು. ಇಸಿ, ಅಂದರೆ ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸೋ ಋಣಭಾರ ಪತ್ರ, 30 ವರ್ಷದ್ದು ತೆಗೆಸಿ. 2004ರಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಮನೆಯಲ್ಲೇ ಕೂತು ಸಿಗುತ್ತೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆಯಬೇಕು. ಮಾರುವವರ ಹಳೆಯ ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಕೇಳಿ. ಲಾಯರ್ ನಿಮ್ಮವರೇ ಇರಲಿ, ಬ್ರೋಕರ್ ತೋರಿಸಿದವರು ಬೇಡ.

ಮತ್ತೆ, ಸಂಘದವರ ಹತ್ತಿರ ಲಿಫ್ಟ್‌ನ ಸರ್ವೀಸ್ ಪುಸ್ತಕ ಕೇಳಿ. 17 ವರ್ಷದ ಲಿಫ್ಟ್. ಅದು ಬದಲಾಯಿಸೋ ಖರ್ಚು ಬಂದರೆ 12 ಮನೆಗೆ ಹಂಚುತ್ತಾರೆ. ನೀವು ಈ ಮನೆ ತಗೊಳ್ಳುತ್ತಿರೋದೇ ಆ ಲಿಫ್ಟ್‌ಗೋಸ್ಕರ ಅಲ್ವಾ. ಆ ಎರಡು ಲಕ್ಷದ ಚೌಕಾಸಿ ಅಲ್ಲಿಂದ ಶುರು ಮಾಡಿ.

ಶ್ರೀನಗರ_41ಮೆಟ್ಟಿಲು:

ಪ್ಲ್ಯಾನ್‌ನಲ್ಲಿ ಮೂರು, ಎಣಿಸಿದರೂ ಮೂರು. ಒಸಿ ಕಾಪಿ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ, ಒರಿಜಿನಲ್ ಶನಿವಾರ ತೋರಿಸುತ್ತಾರಂತೆ. ಲಿಫ್ಟ್ ಪುಸ್ತಕ ಎದುರು ಮನೆ ಅಜ್ಜಿಯ ಮಗನ ಹತ್ತಿರ ಇದೆಯಂತೆ, ಅವರೇ ಸಂಘದ ಖಜಾಂಚಿ. ಅಮ್ಮನನ್ನೂ ಕರ್ಕೊಂಡು ಹೋಗುತ್ತಿದ್ದೇನೆ. ಹಿತಕಿದ ಬೇಳೆ ಸಾರಿಗೆ ಬನ್ನಿ ಅಂದಿದ್ದಾರಂತೆ.